ಮಲೆನಾಡಿನ ಥಂಡಿಗೆ ಕೆಡುವ ಆಕ್ಸಿಜನ್ ಯಂತ್ರ, ಶುಗರ್ ಸ್ಟ್ರಿಪ್: ತಯಾರಕರ ಹೊಣೆ ಎಲ್ಲಿಯವರೆಗೆ?

ತುಂಗಾತೀರ, ತೀರ್ಥಹಳ್ಳಿ

ಬಯೋಮೆಡಿಕಲ್, ಫಾರ್ಮಸಿ, ನರ್ಸಿಂಗ್ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಒಂದು ವಿಷಯ ಬಿಡಿಸಿ ಮಾತಾಡಬೇಕಿದೆ.

ಕೋಣೆಯ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವ, ಮನೆಯಲ್ಲಿಟ್ಟುಕೊಳ್ಳುವ ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರಿನ ವಾರಂಟಿ ಕಾರ್ಡ್ ತೆಗೆದು ಓದಿ. ತೇವದಿಂದ, ವೋಲ್ಟೇಜ್ ಏರಿಳಿತದಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂಬ ಸಾಲು ಎಷ್ಟೋ ಕಾರ್ಡುಗಳಲ್ಲಿರುತ್ತದೆ. ಅದೇ ಯಂತ್ರದ ಮ್ಯಾನ್ಯುಯಲ್‌ನಲ್ಲಿ ಶೇ. 90 ಅಥವಾ 95ರಷ್ಟು ಆರ್ದ್ರತೆಯಲ್ಲೂ ಕೆಲಸ ಮಾಡುತ್ತದೆ, ಹನಿ ಮಾತ್ರ ಕಟ್ಟಬಾರದು ಎಂದು ಬರೆದಿರುತ್ತದೆ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಗೋಡೆಯೇ ಬೆವರುತ್ತದೆ, ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹನಿ ಕಟ್ಟದ ಜಾಗ ಎಲ್ಲಿಂದ ತರುವುದು?

ಯಂತ್ರ ಮಾರುವಾಗ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಕೆಟ್ಟಾಗ ಮಾತ್ರ ತೇವದಲ್ಲಿ ಇಟ್ಟಿರಿ ಎನ್ನುತ್ತಾರೆ. ಇದರಲ್ಲಿ ತಯಾರಕರ ಪಾಲೆಷ್ಟು, ಡೀಲರ್ ಪಾಲೆಷ್ಟು, ಮನೆಯವರ ಪಾಲೆಷ್ಟು?

ಬಯೋಮೆಡ್ ಶಿವಮೊಗ್ಗ

ಮೊದಲು ಒಳಗೆ ಏನು ಕೆಡುತ್ತದೆ ಎಂಬುದು ಗೊತ್ತಿರಲಿ. ಹೊಣೆಯ ಮಾತು ಆಮೇಲೆ.

ಕಾನ್ಸಂಟ್ರೇಟರಿನಲ್ಲಿ ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಕಾಳು ತುಂಬಿದ ಎರಡು ಕೊಳವೆಗಳಿರುತ್ತವೆ. ಕಂಪ್ರೆಸರ್ ಕೋಣೆಯ ಗಾಳಿಯನ್ನು ಒತ್ತಿ ಒಂದು ಕೊಳವೆಗೆ ಕಳಿಸುತ್ತದೆ. ಜಿಯೋಲೈಟ್ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಕೆಲವು ಸೆಕೆಂಡಿನಲ್ಲಿ ಕವಾಟ ತಿರುಗಿ ಎರಡನೆಯ ಕೊಳವೆ ಕೆಲಸ ಶುರು ಮಾಡುತ್ತದೆ, ಮೊದಲನೆಯದು ಒತ್ತಡ ಕಳೆದುಕೊಂಡು ಸಾರಜನಕವನ್ನು ಹೊರಗೆ ಬಿಡುತ್ತದೆ. ತೊಂದರೆ ಏನೆಂದರೆ, ಜಿಯೋಲೈಟಿಗೆ ಸಾರಜನಕಕ್ಕಿಂತ ನೀರಿನ ಮೇಲೆ ಸೆಳೆತ ಹೆಚ್ಚು. ಒಮ್ಮೆ ಒಳಹೊಕ್ಕ ನೀರಾವಿ ಒತ್ತಡ ಇಳಿಸಿದ ಮಾತ್ರಕ್ಕೆ ಸುಲಭವಾಗಿ ಹೊರಬರುವುದಿಲ್ಲ. ಕಾಳಿನ ಜಾಗವನ್ನು ನೀರು ಆಕ್ರಮಿಸಿದಂತೆ ಸಾರಜನಕ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ, ಶುದ್ಧತೆ ಇಳಿಯುತ್ತದೆ.

ಅಪಾಯ ಇರುವುದು ಇಲ್ಲಿಯೇ. ಶುದ್ಧತೆ ಇಳಿದರೂ ಹರಿವು ಇಳಿಯುವುದಿಲ್ಲ. ಹರಿವು ತೋರಿಸುವ ಫ್ಲೋಮೀಟರಿನ ಗುಂಡು 3ರ ಗೆರೆಯಲ್ಲೇ ನಿಂತಿರುತ್ತದೆ, ಆಕ್ಸಿಜನ್ನಿಗೆ ತೇವ ಸೇರಿಸುವ ನೀರಿನ ಬಾಟಲಿಯಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ. ಮನೆಯವರು ಆಕ್ಸಿಜನ್ ಹೋಗುತ್ತಿದೆ ಎಂದುಕೊಂಡಿರುತ್ತಾರೆ, ಹೋಗುತ್ತಿರುವುದು ಹೆಚ್ಚುಕಡಿಮೆ ಬರೀ ಗಾಳಿ.

ಸರಿಯಿರುವ ಯಂತ್ರ ಶೇ. 93, ಮೂರು ಹೆಚ್ಚು ಅಥವಾ ಮೂರು ಕಡಿಮೆ ಕೊಡಬೇಕು. ಶೇ. 82ಕ್ಕಿಂತ ಇಳಿದರೆ ಎಚ್ಚರಿಕೆ ಕೊಡಬೇಕು ಎಂದು ಕಾನ್ಸಂಟ್ರೇಟರುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 80601-2-69 ಹೇಳುತ್ತದೆ. ಪರೀಕ್ಷೆ ಮಾಡುವುದು ಹೀಗೆ: ಯಂತ್ರ ಹಾಕಿ 15 ನಿಮಿಷ ಬಿಡಿ, ಹರಿವನ್ನು ಪೂರ್ತಿ 5ಕ್ಕೆ ಏರಿಸಿ, ಆಮೇಲೆ ಆಮ್ಲಜನಕದ ಶುದ್ಧತೆ ಅಳೆಯುವ ಅನಲೈಸರ್ ಹಿಡಿಯಿರಿ. 2 ಲೀಟರಿನಲ್ಲಿ ನೋಡಿ ಸರಿಯಿದೆ ಎನ್ನಬೇಡಿ. ಕಾಳು ಸೋಲುವುದು ಮೊದಲು ಕಾಣಿಸುವುದು ಹೆಚ್ಚಿನ ಹರಿವಿನಲ್ಲಿ.

ಇನ್ನೊಂದು ಮಾತು. 2021ರ ಕೋವಿಡ್ ಎರಡನೇ ಅಲೆಯಲ್ಲಿ 1ರಿಂದ 7 ಲೀಟರ್ ಎಂದು ದೊಡ್ಡದಾಗಿ ಬರೆದ ಅಗ್ಗದ ಯಂತ್ರಗಳು ಬಂದವು. ಅವುಗಳ ವಿವರಪಟ್ಟಿಯಲ್ಲಿ ಶುದ್ಧತೆ ಶೇ. 90ರಿಂದ 30 ಎಂದು ಸಣ್ಣಕ್ಷರದಲ್ಲಿರುತ್ತಿತ್ತು. 1 ಲೀಟರಿನಲ್ಲಿ 90, 7ರಲ್ಲಿ 30 ಎಂದು ಅದರ ಅರ್ಥ. ಸುಳ್ಳು ಬರೆದಿಲ್ಲ ಎಂದು ವಾದಿಸಬಹುದು. ಉಸಿರಾಡಲು ಕಷ್ಟಪಡುವವರಿಗೆ ಹಾಗೆ ಬರೆದು ಮಾರುವುದು ಮೋಸವೇ.

ಕೊಪ್ಪ ಶುಶ್ರೂಷೆ

ಬಯೋಮೆಡ್ ಸರ್ ಹೇಳಿದ್ದಕ್ಕೆ ಮನೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಮಳೆಗಾಲದಲ್ಲಿ ಪದೇಪದೇ ಕಾಣುವ ತಪ್ಪು ಎಂದರೆ ಸ್ಪಂಜಿನ ಫಿಲ್ಟರ್ ತೊಳೆದು ಹಸಿಯಿರುವಾಗಲೇ ಹಾಕುವುದು. ವಾರಕ್ಕೊಮ್ಮೆ ತೊಳೆಯಿರಿ ಎಂದಿರುತ್ತದೆ, ತೊಳೆಯುತ್ತಾರೆ. ಜುಲೈ ತಿಂಗಳಲ್ಲಿ ಅದು ಒಣಗಲು ಎರಡು ದಿನ ಬೇಕು, ಅಷ್ಟು ಹೊತ್ತು ಯಂತ್ರ ನಿಲ್ಲಿಸಲಾಗದು. ಹಿಂಡಿ ಹಾಕುತ್ತಾರೆ. ಆ ನೀರು ಕಂಪ್ರೆಸರ್ ದಾಟಿ ನೇರ ಜಿಯೋಲೈಟಿಗೆ ಹೋಗುತ್ತದೆ. ಫಿಲ್ಟರ್ ಎರಡು ಇರಬೇಕು, ಒಂದು ಒಣಗುವಾಗ ಇನ್ನೊಂದು ಯಂತ್ರದಲ್ಲಿ. ಪೆಟ್ಟಿಗೆಯೊಳಗೆ ಒಂದೇ ಫಿಲ್ಟರ್ ಇಟ್ಟು ಮಾರುವವರು ಈ ತಪ್ಪಿಗೆ ತಾವೇ ದಾರಿ ಮಾಡಿಕೊಟ್ಟಂತೆ.

ಬಚ್ಚಲೊಲೆಯ ಹೊಗೆ ಬರುವ ಕಡೆ ಯಂತ್ರ ಇಡಬೇಡಿ. ಮಸಿ ಫಿಲ್ಟರನ್ನು ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ ಆಕ್ಸಿಜನ್ ಇರುವಲ್ಲಿ ಬೆಂಕಿ ಬೇಡ. ಒಲೆ, ದೀಪ, ಬೀಡಿ ಎಲ್ಲವೂ ಕನಿಷ್ಠ 3 ಮೀಟರ್ ದೂರ ಇರಲಿ. ಗೋಡೆಯಿಂದ ಒಂದಡಿ ಬಿಟ್ಟು ಇಡಿ, ಗಾಳಿ ಆಡಬೇಕು.

ಬಾಟಲಿಗೆ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ನೀರು, ಎರಡು ಗೆರೆಗಳ ನಡುವೆ ಮಾತ್ರ. ಮುಚ್ಚಳ ಓರೆಯಾಗಿ ಕೂತರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ. ಪರೀಕ್ಷೆ ಸುಲಭ: ಯಂತ್ರ ಓಡುತ್ತಿರುವಾಗ ಬಾಟಲಿಯಿಂದ ಹೊರಡುವ ಟ್ಯೂಬನ್ನು ಮಡಿಸಿ ಹಿಡಿಯಿರಿ. ಒತ್ತಡ ಬಿಡುವ ಕವಾಟ ಇರುವ ಬಾಟಲಿಯಾದರೆ ಸೀಟಿ ಹೊಡೆಯುತ್ತದೆ. ಹೊಡೆಯದಿದ್ದರೆ ಎಲ್ಲೋ ಸೋರಿಕೆ ಇದೆ.

ಕೊನೆಯದಾಗಿ, ಪ್ಲಗ್ ಕಿತ್ತು ನೋಡಿ. ಯಂತ್ರ ಓಡುತ್ತಿರುವಾಗ ಕರೆಂಟ್ ತಪ್ಪಿಸಿದರೆ ಬೀಪ್ ಬರಲೇಬೇಕು. ಬಾರದಿದ್ದರೆ ಒಳಗಿನ ಅಲಾರ್ಮ್ ಬ್ಯಾಟರಿ ಸತ್ತಿದೆ. ರಾತ್ರಿ ಕರೆಂಟ್ ಹೋದಾಗ ಮಲಗಿರುವವರನ್ನು ಎಬ್ಬಿಸುವುದು ಅದೊಂದೇ.

ಸಾಗರ ಔಷಧಿ

ಶುಗರ್ ಸ್ಟ್ರಿಪ್ ವಿಷಯಕ್ಕೆ ಬರುತ್ತೇನೆ. ಕಾನ್ಸಂಟ್ರೇಟರ್ ಕೆಲವೇ ಮನೆಗಳಲ್ಲಿದೆ, ಗ್ಲುಕೋಮೀಟರ್ ಈಗ ಎಲ್ಲ ಕೇರಿಯಲ್ಲೂ ಇದೆ.

ಸ್ಟ್ರಿಪ್ ಮೇಲಿರುವುದು ಕಿಣ್ವ, ಅಂದರೆ ಎಂಜೈಮ್. ತೇವ ತಗುಲಿದರೆ ಅದು ಮೆಲ್ಲಗೆ ಸಾಯುತ್ತದೆ. ಡಬ್ಬಿಯ ಒಳಮೈಯಲ್ಲೋ ಮುಚ್ಚಳದಲ್ಲೋ ತೇವ ಹೀರುವ ಪದಾರ್ಥ ಇರುತ್ತದೆ, ಅದರ ಶಕ್ತಿಗೂ ಮಿತಿ ಇದೆ. 50 ಸ್ಟ್ರಿಪ್ಪಿನ ಡಬ್ಬಿ ತೆಗೆದು, ವಾರಕ್ಕೆ ಎರಡು ಸಲ ನೋಡುವವರಿಗೆ ಅದು ಆರು ತಿಂಗಳು ಬರುತ್ತದೆ. ತೆರೆದ ಮೇಲೆ ಮೂರು ತಿಂಗಳೋ ಆರು ತಿಂಗಳೋ ಎಂದು ಲೇಬಲ್‌ನಲ್ಲಿರುತ್ತದೆ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ತೆರೆದ ದಿನವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಬೇರೆ ಡಬ್ಬಿಗೆ ಸುರಿಯಬೇಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದ ಕೂಡಲೇ ಹನಿ ಕಟ್ಟುತ್ತದೆ. ಮಳೆಗಾಲದಲ್ಲಿ 100ರ ಪ್ಯಾಕ್ ಅಗ್ಗ ಎಂದು ಕೊಳ್ಳಬೇಡಿ, 25ರದ್ದು ಸಾಕು.

ಲೆಕ್ಕ ತಿಳಿದಿರಲಿ. ಐಎಸ್‌ಒ 15197ರ 2013ರ ಆವೃತ್ತಿ ಪ್ರಕಾರ ಶುಗರ್ 100ಕ್ಕಿಂತ ಕಡಿಮೆ ಇದ್ದರೆ 15 ಮಿಲಿಗ್ರಾಂವರೆಗೆ, 100 ಮತ್ತು ಮೇಲಿದ್ದರೆ ಶೇ. 15ರವರೆಗೆ ಆಚೀಚೆ ಆಗಬಹುದು. 100ರಲ್ಲಿ 95 ಅಳತೆ ಈ ಮಿತಿಯೊಳಗಿರಬೇಕು. ಲ್ಯಾಬಿನಲ್ಲಿ 200 ಇದ್ದರೆ ಮೀಟರ್ 170 ತೋರಿಸಿದರೂ, 230 ತೋರಿಸಿದರೂ ತಪ್ಪಲ್ಲ. ಇದು ಹೊಸ, ಒಣಗಿದ, ಚೆನ್ನಾಗಿರುವ ಸ್ಟ್ರಿಪ್ಪಿನ ಮಾತು. ಥಂಡಿ ಹಿಡಿದದ್ದು ಇದರಾಚೆಗೂ ಹೋಗುತ್ತದೆ, ಆ ಅಂಕಿ ನೋಡಿ ಇನ್ಸುಲಿನ್ ಚುಚ್ಚುತ್ತಾರೆ. ನಿಜಕ್ಕೂ ಕಡಿಮೆಯಿರುವ ಶುಗರ್ ಜಾಸ್ತಿ ಎಂದು ಕಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸ್ಟ್ರಿಪ್ ಸರಿಯಿದೆಯೇ ಎಂದು ಮನೆಯಲ್ಲೇ ನೋಡಲು ಕಂಟ್ರೋಲ್ ಸೊಲ್ಯೂಷನ್ ಎಂಬ ಪುಟ್ಟ ಬಾಟಲಿ ಇದೆ. ಒಂದು ಹನಿ ಹಾಕಿದರೆ ಡಬ್ಬಿಯ ಮೇಲೆ ಅಚ್ಚಾದ ವ್ಯಾಪ್ತಿಯೊಳಗೆ ಅಂಕಿ ಬರಬೇಕು. ಮ್ಯಾನ್ಯುಯಲ್‌ನಲ್ಲಿ ಅದನ್ನು ಬಳಸಿ ಎಂದು ಬರೆದಿರುತ್ತಾರೆ, ಸಣ್ಣ ಊರಿನ ಅಂಗಡಿಗೆ ಅದನ್ನು ಕಳಿಸುವುದೇ ಅಪರೂಪ. ಸ್ಟ್ರಿಪ್ ತಲುಪುವ ಊರಿಗೆಲ್ಲ ಅದೂ ತಲುಪಬೇಕು. ಕಳಿಸುವ ಮನಸ್ಸಿಲ್ಲದಿದ್ದರೆ ಆ ಸೂಚನೆ ಬರೆದು ಏನು ಪ್ರಯೋಜನ?

ಇನ್ನೊಂದು ಎಚ್ಚರಿಕೆ. ಗ್ಲುಕೋಸ್ ಆಕ್ಸಿಡೇಸ್ ಬಳಸುವ ಸ್ಟ್ರಿಪ್ ರಕ್ತದಲ್ಲಿ ಆಮ್ಲಜನಕ ಜಾಸ್ತಿ ಇದ್ದರೆ ಶುಗರನ್ನು ಕಡಿಮೆ ತೋರಿಸಬಹುದು. ಕಾನ್ಸಂಟ್ರೇಟರ್ ಮೇಲಿರುವವರ ಮನೆಯವರು ಸ್ಟ್ರಿಪ್ ಯಾವ ಬಗೆಯದು ಎಂದು ನೋಡಿಕೊಳ್ಳಿ. ತೀವ್ರ ರಕ್ತಹೀನತೆ ಇದ್ದರೆ ತಿರುಗಾಮುರುಗ, ಜಾಸ್ತಿ ತೋರಿಸುತ್ತದೆ.

ಪೀಣ್ಯ ತಯಾರಿಕೆ

ಉಪಕರಣ ವಿನ್ಯಾಸದ ಕಡೆಯಿಂದ ಎರಡು ಮಾತು. ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಿದರೆ ಬಿಡಿಸಬೇಕಾದ ಗಂಟು ಹಾಗೇ ಉಳಿಯುತ್ತದೆ.

ತೇವದ ಪರೀಕ್ಷೆ ಮಾಡಿಯೇ ಯಂತ್ರ ಹೊರಬರುತ್ತದೆ. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-1 ಪ್ರಕಾರ ಶೇ. 93ರ ಆಸುಪಾಸಿನ ಆರ್ದ್ರತೆಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 48 ಗಂಟೆ ಇಟ್ಟು, ಆಮೇಲೆ ವಿದ್ಯುತ್ ಸೋರಿಕೆ ಅಳೆಯುತ್ತೇವೆ. ಇನ್ನೂ ಗಟ್ಟಿ ಮಾಡಲು ದಾರಿಗಳಿವೆ: ಸರ್ಕ್ಯೂಟ್ ಬೋರ್ಡಿಗೆ ರಕ್ಷಣಾ ಲೇಪ, ಗಾಳಿ ಒಳಬರುವಲ್ಲಿ ನೀರು ಹಿಡಿಯುವ ವ್ಯವಸ್ಥೆ, ಯಂತ್ರ ನಿಂತಾಗ ಜಿಯೋಲೈಟ್ ಕೊಳವೆಯ ಎರಡೂ ಬಾಯಿ ಮುಚ್ಚುವ ಕವಾಟ. ಒಂದೊಂದಕ್ಕೂ ದುಡ್ಡು ಬೇಕು. ಟೆಂಡರಿನಲ್ಲಿ ಎಲ್ಲಕ್ಕಿಂತ ಕಡಿಮೆ ದರ ಕೊಟ್ಟವರಿಗೆ ಆರ್ಡರ್ ಹೋಗುವಾಗ ಕವಾಟ ಹಾಕಿದವರು ಸೋಲುತ್ತಾರೆ, ಹಾಕದವರು ಗೆಲ್ಲುತ್ತಾರೆ. ಕೊಳ್ಳುವವರು ಕೇಳದಿದ್ದರೆ ಮಾಡುವವರು ಕೊಡುವುದು ಹೇಗೆ?

ಬಯೋಮೆಡ್ ಶಿವಮೊಗ್ಗ

ಪೀಣ್ಯದವರೇ, ನೇರವಾಗಿ ಬರೆದದ್ದಕ್ಕೆ ಸಂತೋಷ. ಒಪ್ಪುವುದನ್ನು ಒಪ್ಪಿ, ಒಪ್ಪದ್ದನ್ನೂ ಹೇಳುತ್ತೇನೆ.

ಆ 48 ಗಂಟೆಯ ಪರೀಕ್ಷೆ ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ನೋಡಿಕೊಳ್ಳಲು ಇರುವುದು. ನಾಲ್ಕು ತಿಂಗಳ ಮಳೆ, ಅದೂ ವರ್ಷ ವರ್ಷ, ಪದಾರ್ಥವನ್ನು ಏನು ಮಾಡುತ್ತದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು: ಬಿಸಿ ತಂಪು ಮಾಡುತ್ತಾ ಹನಿ ಕಟ್ಟಿಸುವ ಪರೀಕ್ಷೆ, ಪದಾರ್ಥ ಹಳತಾಗುವುದನ್ನು ಬೇಗ ತೋರಿಸುವ ಪರೀಕ್ಷೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಫಿಲಿಪ್ಸ್ ರೆಸ್ಪಿರೋನಿಕ್ಸ್ ಪ್ರಕರಣ ನೋಡಬೇಕು. ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಅವರ ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳಲ್ಲಿ ಮತ್ತು ವೆಂಟಿಲೇಟರುಗಳಲ್ಲಿ ಸದ್ದು ಅಡಗಿಸಲು ಪಾಲಿಯೆಸ್ಟರ್ ಆಧಾರಿತ ಪಾಲಿಯುರಿಥೇನ್ ಫೋಮ್ ಇತ್ತು, ಉಸಿರಿನ ಗಾಳಿ ಹಾಯುವ ದಾರಿಯಲ್ಲೇ. ಬಿಸಿ ಮತ್ತು ತೇವ ಸೇರಿದರೆ ನೀರು ಆ ಪಾಲಿಯೆಸ್ಟರ್ ಕೊಂಡಿಗಳನ್ನು ಮುರಿಯುತ್ತದೆ. ಫೋಮ್ ಪುಡಿಯಾಗಿ ಕಪ್ಪು ಕಣ ಟ್ಯೂಬಿಗೆ ಬರುತ್ತದೆ, ಅನಿಲವೂ ಹೊರಡುತ್ತದೆ. ಓಜೋನ್ ಹಾಯಿಸಿ ಶುಚಿ ಮಾಡಿದರೆ ಇನ್ನೂ ಬೇಗ. 2021ರ ಜೂನ್‌ನಲ್ಲಿ ಯಂತ್ರಗಳನ್ನು ಹಿಂದಕ್ಕೆ ಕರೆದರು. ಆಮೇಲೆ ಅಮೆರಿಕದ ಔಷಧ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಪಾಸಣೆಯಲ್ಲಿ ಹೊರಬಿದ್ದದ್ದು, ಫೋಮ್ ಬಗ್ಗೆ ದೂರು ಕಂಪನಿಗೆ ವರ್ಷಗಳ ಹಿಂದೆಯೇ, 2015ರಷ್ಟು ಮುಂಚೆಯೇ ತಲುಪಿತ್ತು ಎಂಬುದು. ರೋಗಿಗಳಿಗೆ ಸರಿಯಾಗಿ ತಿಳಿಸಿಲ್ಲ ಎಂದು 2022ರ ಮಾರ್ಚ್‌ನಲ್ಲಿ ಎಫ್‌ಡಿಎ ಪ್ರತ್ಯೇಕ ಆದೇಶ ಹೊರಡಿಸಬೇಕಾಯಿತು. ಬದಲಿಗೆ ಹಾಕಿದ್ದು ಸಿಲಿಕೋನ್ ಫೋಮ್.

ಫೋಮ್ ಆರಿಸುವಾಗ ಆದ ತಪ್ಪು ಒಂದು. ದೂರು ಬಂದ ಮೇಲೂ ವರ್ಷಗಟ್ಟಲೆ ತಡ ಮಾಡಿದ್ದು ಇನ್ನೊಂದು. ಎರಡನೆಯದನ್ನು ಕ್ಷಮಿಸುವುದು ಕಷ್ಟ.

ಇಂಥ ಯಂತ್ರ ಮನೆಯಲ್ಲಿದ್ದರೆ ಸೀರಿಯಲ್ ನಂಬರ್ ಹಿಡಿದು ಪಟ್ಟಿಯಲ್ಲಿ ಬಂದಿದೆಯೇ ನೋಡಿ. ವೈದ್ಯರನ್ನು ಕೇಳದೆ ದಿಢೀರ್ ನಿಲ್ಲಿಸಬೇಡಿ. ವೆಂಟಿಲೇಟರ್ ಆಗಿದ್ದರಂತೂ ನಿಲ್ಲಿಸುವುದೇ ಹೆಚ್ಚು ಅಪಾಯ.

ಇನ್ನು "ಮ್ಯಾನ್ಯುಯಲ್‌ನಲ್ಲಿ ಬರೆದಿದ್ದೇವೆ" ಎಂಬ ವಾದ. ಅಪಾಯ ನಿರ್ವಹಣೆಯ ಮಾನದಂಡ ಐಎಸ್‌ಒ 14971 ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಬೇಕು. ಆಗದಿದ್ದರೆ ಯಂತ್ರದಲ್ಲಿ ತಡೆ ಅಥವಾ ಅಲಾರ್ಮ್ ಹಾಕಬೇಕು. ಅದೂ ಸಾಲದಾಗ ಮಾತ್ರ ಎಚ್ಚರಿಕೆಯ ಬರಹ, ತರಬೇತಿ. ಬರಹಕ್ಕೆ ಕೊನೆಯ ಸ್ಥಾನ. ಸಾಗರದವರು ಹೇಳಿದ ಸ್ಟ್ರಿಪ್ಪಿಗೇ ಇದನ್ನು ಹಚ್ಚಿ ನೋಡಿ. ಒಂದೊಂದು ಸ್ಟ್ರಿಪ್ಪನ್ನೂ ಫಾಯಿಲ್‌ನಲ್ಲಿ ಮುಚ್ಚಿ ಕೊಡುವ ಕಂಪನಿ ಮೊದಲ ಮೆಟ್ಟಿಲಲ್ಲಿದೆ. ಡಬ್ಬಿಯಲ್ಲಿ ತುಂಬಿ "ಮುಚ್ಚಳ ಕೂಡಲೇ ಹಾಕಿ" ಎಂದು ಬರೆಯುವ ಕಂಪನಿ ಮೂರನೆಯದರಲ್ಲಿ. ಕಾನ್ಸಂಟ್ರೇಟರಿಗೂ ಅಷ್ಟೆ: ಮುಚ್ಚುವ ಕವಾಟ ಮೊದಲನೆಯದು, ಶುದ್ಧತೆಯ ಸೆನ್ಸರ್ ಎರಡನೆಯದು, ಒಣ ಜಾಗದಲ್ಲಿಡಿ ಎಂಬ ಸಾಲು ಮೂರನೆಯದು. ದುಡ್ಡಿನ ಕಾರಣಕ್ಕೆ ಕವಾಟ ಬಿಡುವುದಾದರೆ ಬಿಡಲಿ, ಸೆನ್ಸರನ್ನಾದರೂ ಬಿಡಬಾರದು. ಎರಡನ್ನೂ ಬಿಟ್ಟು ಮಲೆನಾಡಿಗೆ ಮಾರುವುದು ನನ್ನ ಮಟ್ಟಿಗೆ ಅನ್ಯಾಯ.

ಹೊಸನಗರ ವೈರಿಂಗ್

ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ, ಅದೂ ತಯಾರಕರ ಲೆಕ್ಕಕ್ಕೇ ಬರುತ್ತದೆ.

ಮನೆಯಲ್ಲಿ ಬಳಸುವ ವೈದ್ಯಕೀಯ ಉಪಕರಣಕ್ಕೆ ಐಇಸಿ 60601-1-11 ಎಂಬ ಬೇರೆ ಮಾನದಂಡ ಇದೆ. ಮನೆಯ ಅರ್ಥಿಂಗ್ ಮೇಲೆ ಭರವಸೆ ಇಡುವಂತಿಲ್ಲ ಎಂದು ಅದು ಮೊದಲೇ ಒಪ್ಪಿಕೊಂಡಿದೆ. ಆದ್ದರಿಂದ ಪ್ಲಗ್ ಹಾಕಿ ಬಳಸುವ ಇಂಥ ಯಂತ್ರ ಅರ್ಥಿಂಗ್ ಬೇಡದ ಎರಡನೇ ದರ್ಜೆಯದ್ದೋ ಒಳಗಿನ ಬ್ಯಾಟರಿಯದ್ದೋ ಆಗಿರಬೇಕು. ಗುರುತು ಸುಲಭ, ಹಿಂಬದಿಯ ಫಲಕದಲ್ಲಿ ಚೌಕದೊಳಗೆ ಚೌಕ ಇರುತ್ತದೆ. ಕೊಳ್ಳುವ ಮೊದಲು ಅದನ್ನು ಹುಡುಕಿ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕುವವರು ಎಷ್ಟು ಮನೆಯಲ್ಲಿದ್ದಾರೆ, ಯೋಚಿಸಿ.

ಅದೇ ಮಾನದಂಡ 230 ವೋಲ್ಟಿನ ಶೇ. 85ರವರೆಗೆ, ಅಂದರೆ ಸುಮಾರು 195 ವೋಲ್ಟಿನವರೆಗೆ ಯಂತ್ರ ಸರಿಯಾಗಿ ಓಡಬೇಕು ಎನ್ನುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಒಂಟಿ ಮನೆಯಲ್ಲಿ, ತೋಟದ ಪಂಪ್‌ಗಳೆಲ್ಲ ಓಡುವ ಹೊತ್ತಿನಲ್ಲಿ, ವೋಲ್ಟೇಜ್ ಅದಕ್ಕಿಂತ ಕೆಳಗೆ ಹೋಗುತ್ತದೆ. ಆಗ ಕಂಪ್ರೆಸರ್ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ, ಒತ್ತಡ ಬೀಳುತ್ತದೆ, ಶುದ್ಧತೆಯೂ ಬೀಳುತ್ತದೆ. ಮರ ಬಿದ್ದು ನ್ಯೂಟ್ರಲ್ ತುಂಡಾದರೆ ಇದಕ್ಕೆ ತದ್ವಿರುದ್ಧ. ಸಿಂಗಲ್ ಫೇಸ್ ಮನೆಗೆ 400ರ ಹತ್ತಿರ ವೋಲ್ಟೇಜ್ ಬರಬಹುದು. ವೋಲ್ಟೇಜ್ ಮಿತಿ ಮೀರಿದಾಗ ಲೈನ್ ಕಡಿಯುವ 1 ಕೆವಿಎ ಸ್ಟೆಬಿಲೈಜರ್ ಹಾಕಿ. ಏಪ್ರಿಲ್, ಮೇ ಗುಡುಗು ಮಳೆಗೆ ಮೀಟರ್ ಬೋರ್ಡಿನಲ್ಲಿ ಸರ್ಜ್ ರಕ್ಷಕ ಇರಲಿ.

ಇನ್ವರ್ಟರ್ ಶುದ್ಧ ಸೈನ್ ವೇವ್ ಆಗಿರಬೇಕು. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಮೋಟಾರ್ ಕಾದು ಗುಂಯ್‌ಗುಡುತ್ತದೆ. 5 ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿಗೆ ಮೂರು ಗಂಟೆಯ ಮೇಲೆ ನಂಬಬೇಡಿ. ಗಾಳಿಮಳೆಗೆ ಕಂಬ ಬಿದ್ದರೆ ಮೆಸ್ಕಾಂನವರು ಎಷ್ಟೇ ದುಡಿದರೂ ಒಂದು ದಿನ, ಎರಡು ದಿನ ಆಗುತ್ತದೆ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ 1,500 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ. ಎರಡು ಇಟ್ಟುಕೊಳ್ಳಿ. ಮಾರುವವರು ಯಂತ್ರ ಕೊಡುವ ದಿನವೇ ಈ ಲೆಕ್ಕ ಹೇಳಬೇಕು.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಮಳೆಗಾಲದಲ್ಲಿ ಬಳಸದೆ ಸುಮ್ಮನೆ ಇಟ್ಟ ಯಂತ್ರ ಹೆಚ್ಚು ಕೆಡುತ್ತದೋ, ಓಡುತ್ತಿರುವುದು ಹೆಚ್ಚು ಕೆಡುತ್ತದೋ? 2021ರಲ್ಲಿ ದಾನವಾಗಿ ಬಂದದ್ದು ಎಷ್ಟೋ ಕಡೆ ಮೂಲೆಯಲ್ಲಿದೆ.

ಬಯೋಮೆಡ್ ಶಿವಮೊಗ್ಗ

ಸುಮ್ಮನೆ ಇಟ್ಟದ್ದೇ ಬೇಗ ಕೆಡುತ್ತದೆ. ಓಡುವಾಗ ಒಳಗೆ ಬಿಸಿ ಇರುತ್ತದೆ, ಸುತ್ತಿನಿಂದ ಸುತ್ತಿಗೆ ಒಂದಿಷ್ಟು ತೇವ ಹೊರಗೂ ಹೋಗುತ್ತದೆ. ನಿಂತದ್ದರಲ್ಲಿ ಕಾಳು ತೇವ ಹೀರುತ್ತಲೇ ಇರುತ್ತದೆ. ತಿಂಗಳಿಗೊಮ್ಮೆಯಾದರೂ ಕೆಲವು ಗಂಟೆ ಓಡಿಸಿ, ಹರಿವು ಪೂರ್ತಿ ಇಟ್ಟು. ನಿಲ್ಲಿಸಿದ ಮೇಲೆ ಬಾಟಲಿ ಬಿಚ್ಚಿ ಒಣಗಿಸಿ, ಆಕ್ಸಿಜನ್ ಬರುವ ಬಾಯಿಗೆ ಮುಚ್ಚಳ ಹಾಕಿ, ಯಂತ್ರವನ್ನು ನೆಲಕ್ಕೆ ತಾಗದಂತೆ ಮಣೆಯ ಮೇಲೆ ನಿಲ್ಲಿಸಿ. ಮೂಲೆಯಲ್ಲಿದ್ದದ್ದನ್ನು ರೋಗಿಗೆ ಹಚ್ಚುವ ಮೊದಲು ಅನಲೈಸರ್ ಹಿಡಿಯದೆ ಹಚ್ಚಬೇಡಿ.

ಕೊಪ್ಪ ಶುಶ್ರೂಷೆ

ಮಣೆಯ ಮಾತು ಸರಿ, ಆದರೆ ಅದು ಅಲುಗಾಡದಂತಿರಲಿ.

ಇನ್ನೊಂದು, ಕನ್ನಡದ ಸೂಚನೆ. ಮನೆಯಲ್ಲಿ ಯಂತ್ರ ನೋಡಿಕೊಳ್ಳುವವರು ಅತ್ತೆ, ಸೊಸೆ, ಮೊಮ್ಮಕ್ಕಳು. ನೂರು ಪುಟದ ಇಂಗ್ಲಿಷ್ ಪುಸ್ತಕ ಕೊಟ್ಟರೆ ಅದು ದೇವರ ಗೂಡಿನ ಪಕ್ಕ ಕೂರುತ್ತದೆ. ಯಂತ್ರದ ಮೈಗೇ ಅಂಟಿಸಿದ, ನೀರಿಗೆ ಅಳಿಯದ ಒಂದು ಕನ್ನಡದ ಹಾಳೆ ಸಾಕು: ಹಳದಿ ದೀಪ ಬಂದರೆ ಏನು ಮಾಡಬೇಕು, ಕೆಂಪು ಬಂದರೆ ಏನು, ಸಿಲಿಂಡರಿಗೆ ಹೇಗೆ ಬದಲಿಸಬೇಕು, ಯಾರಿಗೆ ಫೋನ್ ಮಾಡಬೇಕು. ಅಲಾರ್ಮ್ ಸದ್ದು ಕಿರಿಕಿರಿ ಎಂದು ಸ್ವಿಚ್ ಆರಿಸಿ ಮತ್ತೆ ಹಾಕುವುದು ಸಾಮಾನ್ಯ. ಹಾಗೆ ಮಾಡಿದಾಗ ದೀಪ ಸ್ವಲ್ಪ ಹೊತ್ತು ಹಸಿರು ತೋರಿಸುತ್ತದೆ, ಯಾಕೆಂದರೆ ಬಿಸಿಯಾಗುವ ತನಕ ಎಷ್ಟೋ ಮಾದರಿಗಳಲ್ಲಿ ಸೆನ್ಸರ್ ಲೆಕ್ಕಕ್ಕೆ ಬರುವುದಿಲ್ಲ. ಜನ ಸರಿಹೋಯಿತು ಎಂದುಕೊಳ್ಳುತ್ತಾರೆ. ಇದನ್ನು ಮೊದಲೇ ಊಹಿಸಿ ವಿನ್ಯಾಸ ಮಾಡುವುದು ತಯಾರಕರ ಕೆಲಸ.

ಬೆರಳಿನ ಆಕ್ಸಿಮೀಟರ್ ಮೇಲೂ ಪೂರ್ತಿ ಭಾರ ಹಾಕಬೇಡಿ. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ ಎಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಮತ್ತೆ ಎತ್ತಿ ತೋರಿಸಿತು. ಮಳೆಗಾಲದ ತಣ್ಣನೆ ಬೆರಳು, ಮದರಂಗಿ, ಉಗುರುಬಣ್ಣ ಎಲ್ಲವೂ ಅಂಕಿಯನ್ನು ಕೆಡಿಸಬಹುದು. ಕೈ ಉಜ್ಜಿ ಬೆಚ್ಚಗೆ ಮಾಡಿ, ಅರ್ಧ ನಿಮಿಷ ಅಲುಗಾಡಿಸದೆ ನೋಡಿ.

ಸೊರಬ ಕಾನೂನು

ತುಂಗಾತೀರ ಅವರ ಮೂಲ ಪ್ರಶ್ನೆಗೆ ಬರೋಣ, ಯಾರ ಹೊಣೆ.

ವೈದ್ಯಕೀಯ ಉಪಕರಣ ನಿಯಮಗಳು 2017, ಜಾರಿಗೆ ಬಂದದ್ದು 2018ರ ಜನವರಿ 1ರಂದು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಕಾನೂನಿನ ಕಣ್ಣಿನಲ್ಲಿ ಔಷಧದ ವ್ಯಾಖ್ಯೆಯೊಳಗೆ ಬಂದವು. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಎ ವರ್ಗದ ಕೆಲವು ಸರಳ ಉಪಕರಣಗಳನ್ನು ಬಿಟ್ಟು ಎ ಮತ್ತು ಬಿ ವರ್ಗಕ್ಕೆ ಲೈಸೆನ್ಸ್ ಕಡ್ಡಾಯವಾದದ್ದು 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ. ಲೇಬಲ್ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ಅಥವಾ ಲಾಟ್ ನಂಬರ್, ತಯಾರಕರ ವಿಳಾಸ, ಹೊರದೇಶದ್ದಾದರೆ ಆಮದುದಾರರ ವಿವರ ಇರಬೇಕು. ಇವಿಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡ. ನಿರೀಕ್ಷಿಸದ ಗಂಭೀರ ಹಾನಿ ಕಂಡುಬಂದರೆ ಲೈಸೆನ್ಸ್ ಹೊಂದಿದವರು 15 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಯಂತ್ರ ಹಿಂದಕ್ಕೆ ಪಡೆಯುವ ಹೊಣೆಯೂ ಅವರದ್ದೇ.

ಪರಿಹಾರದ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಆರನೇ ಅಧ್ಯಾಯದಲ್ಲಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಹೇಳಿದ ಗುಣಮಟ್ಟಕ್ಕೆ ಹೊಂದದಿರುವುದು, ಸಾಕಷ್ಟು ಸೂಚನೆ ಕೊಡದಿರುವುದು, ಇವುಗಳಿಂದ ದೇಹಕ್ಕೋ ಜೀವಕ್ಕೋ ಹಾನಿಯಾದರೆ 84ನೇ ಸೆಕ್ಷನ್ ಪ್ರಕಾರ ತಯಾರಕರು ಹೊಣೆ. ಶೇ. 95ರವರೆಗೆ ಓಡುತ್ತದೆ ಎಂದು ತಾವೇ ಬರೆದು, ವಾರಂಟಿಯಲ್ಲಿ ತೇವವನ್ನು ಹೊರಗಿಡುವುದು ಈ ಬೆಳಕಿನಲ್ಲಿ ಗಟ್ಟಿ ನಿಲ್ಲುವ ವಾದವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ 87ನೇ ಸೆಕ್ಷನ್ ಮಾರುವವರಿಗೂ ರಕ್ಷಣೆ ಕೊಡುತ್ತದೆ: ಯಂತ್ರವನ್ನು ಬಳಕೆದಾರರೇ ದುರ್ಬಳಕೆ ಮಾಡಿದ್ದರೆ, ಬದಲಾಯಿಸಿದ್ದರೆ ಹೊಣೆ ತಪ್ಪಬಹುದು. ಹೀಗಾಗಿ ಲೋಕಲ್ ಮೆಕ್ಯಾನಿಕ್ ಕೈಲಿ ಬಿಚ್ಚಿಸುವ ಮೊದಲು ಯೋಚಿಸಿ. ಜಿಲ್ಲಾ ಗ್ರಾಹಕ ಆಯೋಗ ಶಿವಮೊಗ್ಗದಲ್ಲೇ ಇದೆ.

ಡೀಲರ್ ಯಾವಾಗ ಹೊಣೆಯಾಗುತ್ತಾರೆ ಎಂಬುದನ್ನು 86ನೇ ಸೆಕ್ಷನ್ ಹೇಳುತ್ತದೆ. ತಯಾರಕರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಡೀಲರ್ ತಾನೇ ಬೇರೆ ಭರವಸೆ ಕೊಟ್ಟಿದ್ದರೆ ಅವರೂ ಸಿಕ್ಕಿಕೊಳ್ಳುತ್ತಾರೆ. "ಏನಾದರೂ ಆದರೆ ನಾವಿದ್ದೇವೆ" ಎಂದು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಸಾಗರ ಔಷಧಿ

ಸೊರಬದವರೇ, ಹಾನಿ ಆದದ್ದನ್ನು ಸಾಮಾನ್ಯ ಜನ ವರದಿ ಮಾಡುವುದು ಹೇಗೆ? ಅಂಗಡಿಗೆ ಬಂದು ಸ್ಟ್ರಿಪ್ ವಾಪಸ್ ಕೊಟ್ಟು ಹೋಗುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ.

ಸೊರಬ ಕಾನೂನು

ಅದಕ್ಕೆಂದೇ ಮಟೀರಿಯೋವಿಜಿಲೆನ್ಸ್, ಅಂದರೆ ವೈದ್ಯಕೀಯ ಉಪಕರಣಗಳಿಂದಾಗುವ ಹಾನಿಯ ಮೇಲೆ ನಿಗಾ ಇಡುವ ಕಾರ್ಯಕ್ರಮ ಇದೆ. 2015ರ ಜುಲೈ 6ರಂದು ಶುರುವಾದದ್ದು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ರೋಗಿ, ಮನೆಯವರು, ನರ್ಸ್, ಫಾರ್ಮಸಿಸ್ಟ್ ಯಾರು ಬೇಕಾದರೂ ಫಾರ್ಮ್ ತುಂಬಬಹುದು. ಉಚಿತ ಫೋನ್ 1800-180-3024.

ವರದಿಯಲ್ಲಿ ಇರಬೇಕಾದದ್ದು: ಉಪಕರಣದ ಹೆಸರು, ಮಾದರಿ, ಲಾಟ್ ಮತ್ತು ಸೀರಿಯಲ್ ನಂಬರ್, ಕೊಂಡ ದಿನ, ಏನಾಯಿತು, ಯಾವಾಗ, ರೋಗಿಗೆ ಏನು ತೊಂದರೆ, ಉಪಕರಣ ಈಗ ಎಲ್ಲಿದೆ. ಕೆಟ್ಟ ವಸ್ತುವನ್ನು ತೊಳೆಯಬೇಡಿ, ಬಿಚ್ಚಬೇಡಿ, ರೀಸೆಟ್ ಒತ್ತಬೇಡಿ. ಪರದೆಯ ಫೋಟೊ ತೆಗೆದು, ಡಬ್ಬಿ ಸಮೇತ ಒಣ ಚೀಲದಲ್ಲಿ ಕಟ್ಟಿಡಿ. ಡೀಲರ್ "ಕೊಡಿ, ಬದಲಿಸಿ ಕೊಡುತ್ತೇವೆ" ಎಂದರೆ ಕೊಡುವ ಮೊದಲು ಲೇಬಲ್ ಫೋಟೊ ಮತ್ತು ಸಹಿ ಹಾಕಿದ ರಸೀದಿ ಕಡ್ಡಾಯ. ಕೆಟ್ಟ ವಸ್ತು ಕೈಬಿಟ್ಟು ಹೋದರೆ ಸಾಕ್ಷಿಯೂ ಹೋದಂತೆ.

ಹೆಸರು, ನಂಬರ್ ಬರೆದಿಡುವುದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಜಾನ್ಸನ್ ಅಂಡ್ ಜಾನ್ಸನ್‌ನ ಡಿಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆದರು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಹಾಕಲಾಗಿತ್ತು. ಕೇಂದ್ರದ ತಜ್ಞರ ಸಮಿತಿ ನೋಡುವ ಹೊತ್ತಿಗೆ ಅವರಲ್ಲಿ ಸುಮಾರು 3,600 ಮಂದಿ ಎಲ್ಲಿದ್ದಾರೆ ಎಂಬುದೇ ಪತ್ತೆ ಇರಲಿಲ್ಲ. ದೇಹದೊಳಗೆ ಕೆಟ್ಟ ಲೋಹ ಇಟ್ಟುಕೊಂಡು, ವಿಷಯವೇ ಗೊತ್ತಿಲ್ಲದೆ ಓಡಾಡುತ್ತಿದ್ದವರು.

ಪೀಣ್ಯ ತಯಾರಿಕೆ

ಈ ಮಾತು ನಾಟಿತು. ಯಾರಿಗೆ ಮಾರಿದೆವು ಎಂಬ ಪಟ್ಟಿ ಡೀಲರ್ ತನಕ ನಮ್ಮಲ್ಲಿರುತ್ತದೆ, ಅಲ್ಲಿಂದಾಚೆಗೆ ಕತ್ತಲೆ. ಡೀಲರ್ ಕೊಡಲು ಒಪ್ಪುವುದಿಲ್ಲ, ಗ್ರಾಹಕರನ್ನು ನೀವೇ ಸೆಳೆದುಕೊಳ್ಳುತ್ತೀರಿ ಎಂಬ ಭಯ ಅವರಿಗೆ. ಹಾಗಿದ್ದರೆ ಟೆಂಡರಿನಲ್ಲಿ ಏನು ಕೇಳಬೇಕು, ನೀವೇ ಹೇಳಿ. ಕೇಳಿದರೆ ಕೊಡುವ ಕಂಪನಿಗಳಿವೆ.

ಬಯೋಮೆಡ್ ಶಿವಮೊಗ್ಗ

ತಾಲ್ಲೂಕು ಆಸ್ಪತ್ರೆಯಾಗಲಿ, ಟ್ರಸ್ಟ್ ಆಗಲಿ, ಕಾನ್ಸಂಟ್ರೇಟರ್ ಕೊಳ್ಳುವಾಗ ಇಷ್ಟನ್ನು ಬರಹದಲ್ಲಿ ಕೇಳಲಿ. 5 ಲೀಟರ್ ಹರಿವಿನಲ್ಲಿ ಶೇ. 90ಕ್ಕಿಂತ ಕಡಿಮೆ ಇಲ್ಲದ ಶುದ್ಧತೆ, ಅದನ್ನು ಊರಿಗೆ ತಂದ ಮೇಲೆ ನಮ್ಮೆದುರು ಅಳೆದು ತೋರಿಸಬೇಕು, ಫ್ಯಾಕ್ಟರಿಯ ಕಾಗದ ಸಾಲದು. ಶುದ್ಧತೆಯ ಸೆನ್ಸರ್ ಮತ್ತು ಕರೆಂಟ್ ಹೋದಾಗಿನ ಅಲಾರ್ಮ್ ಎರಡೂ ಬೇಕೇ ಬೇಕು. ಪ್ರತಿ ಯಂತ್ರಕ್ಕೂ ಹೆಚ್ಚುವರಿ ಎರಡು ಫಿಲ್ಟರ್, ಕನ್ನಡದ ಹಾಳೆ, ಸರ್ವೀಸ್ ಮ್ಯಾನ್ಯುಯಲ್, ಸರ್ವೀಸ್ ಮೆನುವಿನ ಪಾಸ್‌ವರ್ಡ್. ತೇವ ಮತ್ತು ವೋಲ್ಟೇಜ್ ಅನ್ನು ವಾರಂಟಿಯಿಂದ ಹೊರಗಿಡುವ ಸಾಲನ್ನು ಕಂಪನಿ ತಾನೇ ಬರೆದುಕೊಂಡ ಮಿತಿಯೊಳಗೆ ಅನ್ವಯಿಸಬಾರದು. ಜಿಯೋಲೈಟ್ ಕೊಳವೆಯ ಬದಲಿ ದರ ಈಗಲೇ ನಿಗದಿಯಾಗಲಿ, ಆಮೇಲೆ ಹೊಸ ಯಂತ್ರದ ಅರ್ಧ ಬೆಲೆ ಹೇಳುವಂತಾಗಬಾರದು. ದೂರು ಕೊಟ್ಟರೆ ಎಂಜಿನಿಯರ್ ಬೆಂಗಳೂರಿನಿಂದ ಬರುವ ತನಕ ಕಾಯಲಾಗದು, 24 ಗಂಟೆಯೊಳಗೆ ಬದಲಿ ಯಂತ್ರ ಇಲ್ಲೇ ಸಿಗಬೇಕು.

ಪತ್ತೆಯ ವಿಷಯಕ್ಕೆ ನಿಮ್ಮ ಡೀಲರಿನ ಭಯ ಬಿಡಿಸುವ ದಾರಿ ಇದೆ. ಪೆಟ್ಟಿಗೆಯಲ್ಲಿ ಅಂಚೆ ಖರ್ಚು ಕೊಟ್ಟ ಒಂದು ಕಾರ್ಡ್ ಇಡಿ. ಸೀರಿಯಲ್ ನಂಬರ್ ಮೊದಲೇ ಅಚ್ಚಾಗಿರಲಿ, ಮನೆಯವರು ಫೋನ್ ನಂಬರ್ ಬರೆದು ನೇರ ನಿಮಗೆ ಕಳಿಸಲಿ. ಅದನ್ನು ಸುರಕ್ಷತೆಯ ಸೂಚನೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ ಎಂದು ಕಾರ್ಡಿನ ಮೇಲೆಯೇ ಬರೆಯಿರಿ, ಬರೆದಂತೆ ನಡೆದುಕೊಳ್ಳಿ.

ಕೊಪ್ಪ ಶುಶ್ರೂಷೆ

ಫೋನ್ ನಂಬರ್ ಎರಡು ಕೇಳಿ ಸರ್. ನೆಟ್‌ವರ್ಕ್ ಸಿಗದ ಮನೆಗಳಿವೆ, ಪೇಟೆಯಲ್ಲಿರುವ ಮಗನದ್ದೋ ಮಗಳದ್ದೋ ಇನ್ನೊಂದು ಇರಲಿ. ಮತ್ತೆ ಸೂಚನೆಯ ಮೆಸೇಜು ಕನ್ನಡದಲ್ಲಿ ಬರಲಿ, ಮೊದಲ ಸಾಲಿನಲ್ಲೇ ಯಂತ್ರ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದಿರಲಿ.